ದಡದ ಮೇಲೆ ಒಬ್ಬ ಬಲ್ಲವನಿರಲಿ

(ನಮ್ಮ ಬ್ಲಾಕಿನ ಗ್ರಾಮವೊಂದರಲ್ಲಿ ಪಂಚಾಯತಿ ಕಚೇರಿಯ ಮುಂದೆ ಸೇರಿದ್ದ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗ್ರಾಮಸೇವಕ ಬಂದನೆಂದರೆ ಬೀಜದ ಮಾತು, ಗೊಬ್ಬರದ ಮಾತು, ಇಲ್ಲವೇ ಹುಳುವಿನ ಔಷಧಿಯ ಮಾತು ಎಂದು ತಾವು ಎಣಿಸುವುದು ಸಹಜ. ನಾನು ಕೃಷಿ ಡಿಪ್ಲೊಮಾ ಓದಿದವನು, ನನಗೆ ಬರುವುದೂ ಅದೇ. ಆದರೆ ಈ ಹೊತ್ತು ಆ ಮೂರನ್ನೂ ಬದಿಗಿಟ್ಟು ಗುಂಡಿಯ ವಿಷಯ ಮಾತನಾಡಲು ನಿಂತಿದ್ದೇನೆ. ಬಾವಿ, ಪೈಪಿನ ಕಾಲುವೆ, ಕೃಷಿ ಹೊಂಡ, ಪಾಯಿಖಾನೆಯ ಗುಂಡಿ, ಹೀಗೆ ನಮ್ಮ ಹಳ್ಳಿಗಳಲ್ಲಿ ವರ್ಷಕ್ಕೆ ಎಷ್ಟು ಅಗೆತ ನಡೆಯುತ್ತದೆಂದು ತಾವೇ ಲೆಕ್ಕ ಹಾಕಿ. ಬೆಳೆ ಹೋದರೆ ಮುಂದಿನ ಮಳೆಗೆ ಇನ್ನೊಂದು ಬೆಳೆ ಬಂದೀತು. ಗುಂಡಿಗೆ ಇಳಿದ ಮಗ ಸಂಜೆಗೆ ಮನೆಗೆ ಬಾರದಿದ್ದರೆ ಏನು ಮಾಡುವುದು?

ಈ ಮಾತು ಈಗ ಏಕೆ ಬಂತೆಂದರೆ, ನಮ್ಮ ಬ್ಲಾಕಿನ ನಾಲ್ವರು ಯುವಕರು ಎರಡು ವರ್ಷದ ಹಿಂದೆ ಸಾಲ ಮಾಡಿ ಒಂದು ಜೆಸಿಬಿ ಯಂತ್ರವನ್ನೂ ಕಂಪ್ರೆಸರ್ ಕೂಡಿಸಿದ ಒಂದು ಟ್ರ್ಯಾಕ್ಟರನ್ನೂ ತಂದು ಅಗೆತದ ಕಂಪನಿ ಕಟ್ಟಿದ್ದಾರೆ. ತಮ್ಮಲ್ಲಿ ಅನೇಕರ ಹೊಲದಲ್ಲಿ ಅವರು ಕೆಲಸ ಮಾಡಿದ್ದಾರೆ, ಕೆಲವರ ಮಕ್ಕಳು ಅಲ್ಲೇ ಕೂಲಿಗೂ ಇದ್ದಾರೆ. ಕಳೆದ ವರ್ಷ ಅವರಿಗೆ ಪಟ್ಟಣದ ಕಂಟ್ರಾಕ್ಟರರೊಬ್ಬರಿಂದ ಪೈಪಿನ ಕಾಲುವೆ ತೋಡುವ ಒಳಗುತ್ತಿಗೆ ಸಿಗುವಂತಿತ್ತು. ಕಂಟ್ರಾಕ್ಟರರು, 'ನಿಮ್ಮ ಕಂಪನಿಯ ಸುರಕ್ಷತಾ ಕಾರ್ಯಕ್ರಮವನ್ನು ಬರೆದುಕೊಡಿ' ಎಂದರಂತೆ. ಹುಡುಗರು ನನ್ನ ಬಳಿಗೆ ಬಂದರು. ನಾನು ಎರಡು ರಾತ್ರಿ ಕುಳಿತು, ಪುಸ್ತಕ ನೋಡಿ, ಇಪ್ಪತ್ತನಾಲ್ಕು ನಿಯಮಗಳನ್ನು ಅಂದವಾಗಿ ಬರೆದುಕೊಟ್ಟೆ. ಟೈಪು ಮಾಡಿಸಿ, ಪ್ಲಾಸ್ಟಿಕ್ ಹೊದಿಸಿ, ಜೆಸಿಬಿಯ ಬಾಗಿಲಿನ ಒಳಗಡೆ ಅಂಟಿಸಿದರು. ನನಗೂ ಹೆಮ್ಮೆಯಾಯಿತು.

ಆ ಕಾಗದ ಅಲ್ಲಿ ಅಂಟಿಕೊಂಡಿದ್ದಾಗಲೇ ಒಬ್ಬ ಹುಡುಗ ಮಣ್ಣಿನಲ್ಲಿ ಹೂತುಹೋದ.

ಅದನ್ನು ಇದ್ದದ್ದು ಇದ್ದಂತೆ ಹೇಳುತ್ತೇನೆ, ಏಕೆಂದರೆ ಅದರಲ್ಲಿ ತಪ್ಪು ಹೆಚ್ಚಾಗಿ ನನ್ನದೇ. ಆಷಾಢದ ದಿನ. ಕೆರೆಯ ಹಿಂದಿನ ಗದ್ದೆಯಂಚಿನಲ್ಲಿ ಕಾಲುವೆ ತೋಡುತ್ತಿದ್ದರು. ಬಹಳ ಕಡೆ ಮೂರಡಿ ಸಾಕಿತ್ತು. ಬದುವನ್ನು ದಾಟಿಸುವ ಜಾಗದಲ್ಲಿ ಮಾತ್ರ ಏಳು ಅಡಿಗೆ ಹೋಗಬೇಕಾಯಿತು. ಹಿಂದಿನ ಸಂಜೆ ಒಂದು ಹದ ಮಳೆ ಬಿದ್ದಿತ್ತು. ಗದ್ದೆಯ ಯಜಮಾನರ ಮನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಹುಡುಗನಾಗಿದ್ದಾಗಿನಿಂದ ಬಾವಿ ತೋಡಿ ಬದುಕಿದವರು, ಈಗ ವಯಸ್ಸಾಗಿ ಮಗಳ ಮನೆಯಲ್ಲಿ ಕುಳಿತಿದ್ದಾರೆ. ಊರಿನವರೆಲ್ಲ ಅವರನ್ನು ಮೇಸ್ತ್ರಿ ತಾತ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಅವರು ಬೆಳಿಗ್ಗೆ ಬಂದು ದಡದ ಮೇಲೆ ಒಂದು ಸುತ್ತು ಹಾಕಿ, ಕೋಲಿನಿಂದ ನೆಲ ಕುಟ್ಟಿ ನೋಡಿ, ನನ್ನ ಹತ್ತಿರ ಬಂದು, 'ಸ್ವಾಮಿ, ಇವತ್ತು ಹುಡುಗರನ್ನ ಒಳಕ್ಕೆ ಬಿಡಬೇಡಿ. ಇದು ಹಳೇ ಗುಂಡಿ ಮುಚ್ಚಿದ ಮಣ್ಣು. ನೀರು ಕುಡಿದಿದೆ' ಎಂದರು.

ಪೈಪಿನ ಲಾರಿ ಬಂದು ನಿಂತಿತ್ತು. ಅರ್ಧ ದಿನ ತಡವಾದರೆ ಲಾರಿಯ ಬಾಡಿಗೆ ಏರುತ್ತದೆ. ನಾನು ಕಾಲುವೆಯ ಗೋಡೆಯನ್ನು ನೋಡಿದೆ. ಕತ್ತಿಯಿಂದ ಕೊಯ್ದ ಹಾಗೆ ನೆಟ್ಟಗೆ ನಿಂತಿತ್ತು. 'ಒಂದು ಗಂಟೆಯ ಕೆಲಸ ತಾತ, ಮುಗಿಸಿಬಿಡಲಿ' ಎಂದೆ. ಅವರು ಮತ್ತೆ ಮಾತಾಡಲಿಲ್ಲ. ಬರಿಯ ಕೂಲಿ ಮುದುಕ, ಗ್ರಾಮಸೇವಕರ ಎದುರು ಎಷ್ಟು ಮಾತಾಡಿಯಾರು?

ಮುಕ್ಕಾಲು ಗಂಟೆಯಲ್ಲಿ ಬದುವಿನ ಕಡೆಯ ಗೋಡೆ ಕುಸಿಯಿತು. ಸದ್ದು ದೊಡ್ಡದೇನಲ್ಲ, ಗೋಣಿಚೀಲ ಇಳಿಸಿದಷ್ಟು. ಒಳಗಿದ್ದ ಇಬ್ಬರಲ್ಲಿ ಒಬ್ಬ ಏಣಿಯ ಬಳಿಯಿದ್ದ, ಹಾರಿಕೊಂಡ. ಇನ್ನೊಬ್ಬ ಹತ್ತೊಂಬತ್ತು ವರ್ಷದ ಹುಡುಗ, ಕೆಲಸಕ್ಕೆ ಸೇರಿ ಹನ್ನೊಂದು ದಿನವಾಗಿತ್ತು. ಮಣ್ಣು ಅವನ ಎದೆಯ ಕೆಳಗಿನವರೆಗೆ ಬಂತು. ಜೆಸಿಬಿಯವನು ಗಾಬರಿಯಿಂದ ಬಕೆಟ್ಟು ಇಳಿಸಲು ಹೋದ. ಇನ್ನಿಬ್ಬರು ಹುಡುಗನ ಕೈಗೆ ಹಗ್ಗ ಕಟ್ಟಿ ಎಳೆಯಲು ನೋಡಿದರು. ಮೇಸ್ತ್ರಿ ತಾತ ಅಂದು ಕೂಗಿದ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ. 'ಮಿಷನ್ ನಿಲ್ಲಿಸ್ರೋ! ಎಳೀಬೇಡ್ರೋ! ಬಾಗಿಲು ಕಿತ್ತು ತನ್ನಿ!' ಹತ್ತಿರದ ಪಂಪ್‌ಸೆಟ್ ಮನೆಯ ಬಾಗಿಲನ್ನೂ ಎರಡು ಹಲಗೆಗಳನ್ನೂ ತಂದು ಎರಡು ಗೋಡೆಗೂ ಆತುಕೊಟ್ಟು, ನಡುವೆ ಗಳ ಬಿಗಿದು, ಆಮೇಲೆ ಒಬ್ಬನೇ ಒಬ್ಬನನ್ನು ಇಳಿಸಿ ಬಾಂಡಲಿಯಲ್ಲಿ ಕೈಯಿಂದ ಮಣ್ಣು ತೆಗೆಸಿದರು. ಐವತ್ತು ನಿಮಿಷ ಹಿಡಿಯಿತು. ಹುಡುಗ ಬದುಕಿದ. ಸೊಂಟದ ಮೂಳೆ ಮುರಿದು ಐದು ತಿಂಗಳು ಹಾಸಿಗೆ ಹಿಡಿದಿದ್ದ. ಅವನ ತಾಯಿ ಈ ಸಭೆಯಲ್ಲಿ ಇದ್ದಾರೆ. ಅವರ ಅಪ್ಪಣೆ ಪಡೆದೇ ಇದನ್ನು ಹೇಳುತ್ತಿದ್ದೇನೆ.

ಆಗ ನಾನು ತಿಳಿದುಕೊಂಡ ಲೆಕ್ಕ ಒಂದಿದೆ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಮಣ್ಣು ಸುಮಾರು 45 ಕಿಲೋ ತೂಗುತ್ತದೆ. ನೆನೆದರೆ ಇನ್ನೂ ಹೆಚ್ಚು. ಒಂದು ಘನ ಮೀಟರ್ ಮಣ್ಣೆಂದರೆ ಒಂದೂವರೆ ಟನ್ನಿಗೂ ಮೇಲು, ಒಂದು ಕಾರಿನಷ್ಟು ಭಾರ. ಎದೆಯ ಮಟ್ಟಕ್ಕೆ ಮಣ್ಣು ಕೂತರೆ ತಲೆ ಹೊರಗಿದ್ದರೂ ಪ್ರಯೋಜನವಿಲ್ಲ. ಒಂದು ಸಲ ಉಸಿರು ಬಿಟ್ಟಾಗ ಎದೆ ಎಷ್ಟು ಇಳಿಯುತ್ತದೋ ಅಷ್ಟಕ್ಕೆ ಮಣ್ಣು ತುಂಬಿಕೊಳ್ಳುತ್ತದೆ, ಮತ್ತೆ ಉಸಿರೆಳೆಯಲು ಎದೆ ಏಳುವುದಿಲ್ಲ. ಹಗ್ಗ ಕಟ್ಟಿ ಎಳೆದರೆ ಮಣ್ಣು ಬಿಡುವುದಿಲ್ಲ, ಕೀಲು ಬಿಡುತ್ತದೆ. ಬಹಳ ಹೊತ್ತು ಅದುಮಿದ್ದ ಕಾಲನ್ನು ಒಮ್ಮೆಲೇ ಬಿಡಿಸಿದರೆ ಜಜ್ಜಿದ ಮಾಂಸದ ವಿಷ ರಕ್ತಕ್ಕೆ ಸೇರುವುದೂ ಉಂಟು. ಆದಕಾರಣ ಕುಸಿತವಾದ ಕೂಡಲೇ 108ಕ್ಕೂ 112ಕ್ಕೂ ಫೋನು ಮಾಡಿ, ಅತ್ತ ಆಂಬುಲೆನ್ಸ್ ಬರುತ್ತಿರುವಾಗಲೇ ಇತ್ತ ಕೈಯಿಂದ ಮಣ್ಣು ತೆಗೆಯತಕ್ಕದ್ದು.

ಇನ್ನು ನಾಚಿಕೆಯ ಸಂಗತಿ. ನಾನು ಬರೆದುಕೊಟ್ಟ ಕಾಗದದಲ್ಲಿ ಆರನೆಯ ನಿಯಮ ಏನಿತ್ತು ಗೊತ್ತೇ? ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆಗಳಲ್ಲಿ ಸೇರಿಸುವ ಸುರಕ್ಷತಾ ಕಟ್ಟಳೆಯನ್ನೇ ಕನ್ನಡಕ್ಕೆ ತಂದಿದ್ದೆ. ನಾಲ್ಕು ಅಡಿ ಅಥವಾ ಅದಕ್ಕೂ ಆಳದ ಕಾಲುವೆಯಲ್ಲಿ ಪ್ರತಿ ನೂರು ಅಡಿಗೆ ಒಂದು ಏಣಿ, ಅದರ ತಲೆ ನೆಲಕ್ಕಿಂತ ಮೂರಡಿ ಮೇಲಿರಬೇಕು. ಐದು ಅಡಿ ಅಥವಾ ಮೇಲಾದರೆ ಗೋಡೆಯನ್ನು ಮೆಟ್ಟಿಲಾಗಿ ಇಲ್ಲವೇ ಇಳಿಜಾರಾಗಿ ಕಡಿಯಬೇಕು, ಅದು ಆಗದಿದ್ದರೆ ಹಲಗೆ ಕೊಟ್ಟು ಅಡ್ಡಮರ ಬಿಗಿಯಬೇಕು. ತೆಗೆದ ಮಣ್ಣನ್ನು ಅಂಚಿನಿಂದ ಐದು ಅಡಿ ಅಥವಾ ಆಳದ ಅರ್ಧ, ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು. ಬುಡವನ್ನು ಕೊರೆಯಬಾರದು. ಇದೆಲ್ಲ ನನಗೆ ಬಾಯಿಪಾಠ. ಆದರೂ ಲಾರಿ ಬಂದು ನಿಂತಾಗ ಬಾಯಿಪಾಠ ಬಾಯಲ್ಲೇ ಉಳಿಯಿತು. ಓದುಬಾರದ ಮೇಸ್ತ್ರಿ ತಾತನಿಗೆ ನಿಯಮ ಗೊತ್ತಿರಲಿಲ್ಲ, ಆ ಮಣ್ಣು ಗೊತ್ತಿತ್ತು. ಅವರಿಗೆ ಇಲ್ಲದಿದ್ದುದು ಒಂದೇ, 'ನಿಲ್ಲಿಸು' ಎನ್ನುವ ಅಧಿಕಾರ.

ಹುಡುಗ ಆಸ್ಪತ್ರೆಯಲ್ಲಿದ್ದಾಗ ಕಂಪನಿಯ ನಾಲ್ವರೂ ನಾನೂ ಮೇಸ್ತ್ರಿ ತಾತನ ಜಗಲಿಗೆ ಹೋದೆವು. 'ತಾತ, ನಮಗೆ ಕಲಿಸಿಕೊಡಿ' ಎಂದೆವು. ಅವರು ಬಹಳ ಹೊತ್ತು ಎಲೆಯಡಿಕೆ ಹಾಕಿಕೊಂಡು ಕೂತಿದ್ದು, 'ಜಗಲಿ ಮೇಲೆ ಕೂತು ಕಲಿಸೋಕೆ ಆಗಲ್ಲ ಕಣಪ್ಪ. ಗುಂಡಿ ಹತ್ತಿರ ಬಂದು ಕಲಿಸ್ತೀನಿ' ಎಂದರು. ಅಂದಿನಿಂದ ಎಂಟು ತಿಂಗಳು ಅವರು ಆ ಕಂಪನಿಯ ಜೊತೆ ಹೋಗುತ್ತಿದ್ದಾರೆ. ನಾನೂ ಬಿಡುವಾದಾಗಲೆಲ್ಲ ಹೋಗಿ ಕಲಿತೆ. ಕಲಿತದ್ದರಲ್ಲಿ ಕೆಲವನ್ನು ತಮಗೆ ಒಪ್ಪಿಸುತ್ತೇನೆ.

ಬೆಳಿಗ್ಗೆ ಯಾರೂ ಇಳಿಯುವ ಮುಂಚೆ ಅವರು ಅಂಚಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಒಂದು ಸುತ್ತು ಬರುತ್ತಾರೆ. ನೋಡುವುದು ಗುಂಡಿಯನ್ನಲ್ಲ, ನೆಲವನ್ನು. ಅಂಚಿಗೆ ಸಮನಾಗಿ ಕೂದಲಿನಷ್ಟು ಸಣ್ಣ ಬಿರುಕು ಓಡಿದ್ದರೆ ಅಷ್ಟು ಮಣ್ಣು ಆಗಲೇ ಹೊರಟು ನಿಂತಿದೆ ಎಂದರ್ಥ. ಹೊಸಬರನ್ನು ಕರೆದು ಆ ಬಿರುಕನ್ನು ಬೆರಳಿಟ್ಟು ತೋರಿಸುತ್ತಾರೆ. ಒಮ್ಮೆ ಬೆರಳಿಟ್ಟವನು ಮರೆಯುವುದಿಲ್ಲ. ಗೋಡೆಯಿಂದ ಒಂದೊಂದೇ ಹೆಂಟೆ ಉದುರುವುದು, ಬುಡದಲ್ಲಿ ನೀರು ಒಸರುವುದು, ಗೋಡೆ ಹೊಟ್ಟೆ ಬಿಟ್ಟಂತೆ ಉಬ್ಬುವುದು, ಇವೆಲ್ಲ ಮೇಲೆ ಬನ್ನಿ ಎಂದು ಮಣ್ಣು ಕರೆಯುವ ಕರೆ. ಎರೆ ಮಣ್ಣು ಒಣಗಿದಾಗ ಕಲ್ಲಿನ ಹಾಗಿದ್ದು, ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗಿ ಪದರ ಪದರವಾಗಿ ಬಿಡುತ್ತದೆ. ಗರಸು ಮಣ್ಣು ಬಿಗಿಯಾಗಿ ನಿಂತರೂ ಕೆಳಗೆ ಮರಳು ಪಟ್ಟಿ ಬಂದರೆ ಬುಡ ಜಾರಿ ಮೇಲಿನದು ಕಮಾನಿನಂತೆ ತೂಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಒಮ್ಮೆ ಅಗೆದು ಮುಚ್ಚಿದ ಮಣ್ಣು. ಅದು ಎಷ್ಟು ವರ್ಷವಾದರೂ ನೆಲದ ಮಣ್ಣಿನ ಜೊತೆ ಕೂಡುವುದಿಲ್ಲವೆಂದು ತಾತನ ಮಾತು. ಪುಸ್ತಕದಲ್ಲಿಯೂ ಅಗೆದ ಮಣ್ಣನ್ನು ಕಡಿಮೆ ನಂಬಿಕೆಯ ಮಣ್ಣೆಂದೇ ಎಣಿಸಿದ್ದಾರೆ. ನಮ್ಮ ಊರುಗಳ ಬೀದಿಯಲ್ಲಿ ನೀರಿನ ಪೈಪು, ಚರಂಡಿ, ಕೇಬಲ್ ಎಂದು ಎಷ್ಟು ಸಲ ಅಗೆದಿದ್ದಾರೆಂಬುದನ್ನು ಜ್ಞಾಪಿಸಿಕೊಳ್ಳಿ.

ಟ್ರ್ಯಾಕ್ಟರ್ ಅಂಚಿಗೆ ತರುವವರನ್ನು ಕಂಡರೆ ತಾತನಿಗೆ ಬಹಳ ಸಿಟ್ಟು. ಎಂಜಿನ್ನಿನ ನಡುಕವೇ ಸಾಕಂತೆ. ಮಣ್ಣನ್ನು ಅಂಚಿನಲ್ಲೇ ಗುಡ್ಡೆ ಹಾಕುವುದೂ ಹಾಗೆಯೇ. ಹತ್ತಿರ ಹಾಕಿದರೆ ಮುಚ್ಚುವಾಗ ಸುಲಭ ಎಂದು ನಾವು ಮಾಡುತ್ತೇವೆ. ಆ ಗುಡ್ಡೆಯ ಭಾರವೇ ಗೋಡೆಯನ್ನು ಒಳಕ್ಕೆ ತಳ್ಳುತ್ತದೆ.

ಬಾವಿಯ ಗಾಳಿಯ ವಿಷಯ ಬಂದಾಗ ಮಾತ್ರ ಕಲಿಕೆ ಎರಡು ಕಡೆಯಿಂದಲೂ ಆಯಿತು. ತಾತ ಚಿಕ್ಕವರಾಗಿದ್ದಾಗ ಅವರ ಅಣ್ಣ ಬಾವಿಯಲ್ಲಿ ತೀರಿಕೊಂಡರು. ಒಳಗೆ ಡೀಸೆಲ್ ಎಂಜಿನ್ ಇಳಿಸಿ ನೀರು ಎತ್ತುತ್ತಿದ್ದರು. ಎಂಜಿನ್ ನಿಂತಿತೆಂದು ನೋಡಲು ಇಳಿದ ಒಬ್ಬರು ಮೇಲೆ ಬರಲಿಲ್ಲ. ಅವರನ್ನು ಎತ್ತಲು ಇಳಿದವರು ತಾತನ ಅಣ್ಣ. ಅಂದಿನಿಂದ ತಾತ ದೀಪ ಇಳಿಸಿ ನೋಡದೆ ಯಾರನ್ನೂ ಬಾವಿಗೆ ಬಿಟ್ಟವರಲ್ಲ. ದೀಪ ಆರಿದರೆ ಗಾಳಿ ಕೆಟ್ಟಿದೆ, ಉರಿದರೆ ಇಳಿಯಬಹುದು ಎಂಬುದು ಅವರ ಅರವತ್ತು ವರ್ಷದ ಲೆಕ್ಕ. ಇದರಲ್ಲಿ ಅರ್ಧ ಸರಿ ಎಂದು ನಾನು ಹೇಳಬೇಕಾಯಿತು. ಒಳ್ಳೆಯ ಗಾಳಿಯಲ್ಲಿ ಪ್ರಾಣವಾಯು ನೂರಕ್ಕೆ 21 ಪಾಲು ಇರುತ್ತದೆ. 19.5ಕ್ಕಿಂತ ಇಳಿದರೆ ಕೆಲಸಕ್ಕೆ ಯೋಗ್ಯವಲ್ಲವೆಂದು ತಿಳಿದವರು ಗೊತ್ತು ಮಾಡಿದ್ದಾರೆ. ದೀಪವಾದರೋ ಇನ್ನೂ ಬಹಳ ಇಳಿದ ಮೇಲೆ ಆರುತ್ತದೆ. ಎಂಜಿನ್ ಹೊಗೆಯಲ್ಲೂ ಬಂಡೆ ಸಿಡಿಸಿದ ಹೊಗೆಯಲ್ಲೂ ಇರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದಿದ್ದರೂ ದೀಪ ಚೆನ್ನಾಗಿ ಉರಿಯುತ್ತಿರುತ್ತದೆ. ಪಾಯಿಖಾನೆ ಗುಂಡಿಯ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಇನ್ನೂ ಮೋಸಗಾರ. ಹೆಚ್ಚಾದಾಗ ಅದು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ, ವಾಸನೆ ಹೋಯಿತೆಂದು ನಾವು ತಿಳಿಯುತ್ತೇವೆ.

ಇದನ್ನು ಹೇಳುವಾಗ ನನಗೆ ಅಳುಕಿತ್ತು. ಅಣ್ಣನನ್ನು ಕಳೆದುಕೊಂಡವರಿಗೆ ಅವರ ದೀಪ ಸಾಲದೆಂದು ಹೇಗೆ ಹೇಳುವುದು? ತಾತ ಕೇಳಿಸಿಕೊಂಡು, 'ಹಾಗಾದ್ರೆ ನಾನು ಇಷ್ಟು ವರ್ಷ ಅದೃಷ್ಟದ ಮೇಲೆ ಬದುಕಿದ್ದೆ ಅನ್ನು' ಎಂದರು. ಆಮೇಲೆ ಅವರೇ, ಅನಿಲ ಅಳೆಯುವ ಯಂತ್ರ ತರಿಸಿ ಎಂದು ಹುಡುಗರಿಗೆ ಹೇಳಿದರು. ಅಂಗೈಯಷ್ಟಿರುವ ಆ ಯಂತ್ರವನ್ನು ಹಗ್ಗದಲ್ಲಿ ಇಳಿಸಿದರೆ ಕೂಗಿ ಎಚ್ಚರಿಸುತ್ತದೆ. ಒಬ್ಬ ರೈತನಿಗೆ ಬೆಲೆ ಭಾರ, ನಾಲ್ಕಾರು ಊರಿನವರು ಸೇರಿದರೆ ಭಾರವಲ್ಲ. ಅದು ಇಲ್ಲದ ಕಡೆ, ಎಂಜಿನ್ ಓಡಿದ ಬಾವಿಗೂ ಬಹಳ ದಿನ ಮುಚ್ಚಿದ್ದ ಬಾವಿಗೂ ಇಳಿಯುವುದೇ ಬೇಡ. ಇಳಿಯುವವನ ಎದೆಗೂ ತೊಡೆಗೂ ಪಟ್ಟಿ ಬಿಗಿದು, ಹಗ್ಗ ರಾಟೆಯ ಮೇಲೆ ಹಾಯ್ದು ದಡದಲ್ಲಿರುವವರ ಕೈಯಲ್ಲಿರಬೇಕು. ಒಳಗಿನವನು ಕುಸಿದರೆ ಮೇಲಿನಿಂದಲೇ ಎತ್ತಬೇಕು, ಯಾರೂ ಹಿಂದೆ ಇಳಿಯತಕ್ಕದ್ದಲ್ಲ. ಬಾವಿಯಲ್ಲಿ ಎರಡನೆಯದಾಗಿ ಸಾಯುವವನು ಯಾವಾಗಲೂ ಸಹಾಯಕ್ಕೆ ಹೋದವನೇ. ಪಾಯಿಖಾನೆ ಗುಂಡಿಗಂತೂ ಮನುಷ್ಯನನ್ನು ಇಳಿಸುವ ಮಾತೇ ಬೇಡ, ಹೀರುವ ಗಾಡಿಯನ್ನು ಕರೆಸಿ.

ಹೀರುವ ಗಾಡಿ ಎಂದಾಗ ಪರದೇಶದ ಒಂದು ಪದ್ಧತಿ ಹೇಳಬೇಕು. ಕಣ್ಣಿಂದ ನೋಡಿದ್ದಲ್ಲ, ಓದಿ ತಿಳಿದದ್ದು. ಕೆನಡಾ ದೇಶದ ಪಶ್ಚಿಮ ಭಾಗದಲ್ಲಿ ನೆಲದೊಳಗೆ ತೈಲ ಮತ್ತು ಅನಿಲದ ಕೊಳವೆಗಳು ಬಹಳ, ಚಳಿಗಾಲದಲ್ಲಿ ನೆಲವೂ ಕಲ್ಲಾಗಿ ಹೆಪ್ಪುಗಟ್ಟುತ್ತದೆ. ಅಲ್ಲಿ ಗುದ್ದಲಿಯ ಬದಲು ನೀರಿನಿಂದ ಅಗೆಯುವ ಕಂಪನಿಗಳಿವೆ. ದೊಡ್ಡ ಲಾರಿಯೊಂದರಿಂದ ಬಿಸಿನೀರನ್ನು ಬಹಳ ಒತ್ತಡದಲ್ಲಿ ಬಿಟ್ಟು ಮಣ್ಣನ್ನು ಕರಗಿಸಿ, ಆ ಕೆಸರನ್ನು ದಪ್ಪ ಕೊಳವೆಯಿಂದ ಲಾರಿಯ ತೊಟ್ಟಿಗೆ ಹೀರಿಕೊಳ್ಳುತ್ತಾರೆ. ಬಕೆಟ್ಟು ತಗುಲಿ ಅನಿಲದ ಕೊಳವೆ ಒಡೆಯುವ ಭಯ ಇದರಿಂದ ಬಹಳ ಕಡಿಮೆ. ಆದರೆ ಆ ಕೆಲಸಕ್ಕೆ ಅದರದೇ ಆದ ಅಪಾಯಗಳಿವೆ. ನೀರಿನ ಒತ್ತಡ ಕಾರಿನ ಟೈರಿನ ಗಾಳಿಗಿಂತ ಐವತ್ತು ಪಟ್ಟಿಗೂ ಮೇಲಿದ್ದು, ಬೂಟನ್ನೂ ಚರ್ಮವನ್ನೂ ಸೀಳಬಲ್ಲದು. ಹೀರುವ ಕೊಳವೆಯ ಬಾಯಿಗೆ ಕೈ ಸಿಕ್ಕಿದರೆ ಬಿಡಿಸುವುದು ಕಷ್ಟ. ಕೊಳವೆ ಹೊತ್ತ ಉದ್ದನೆಯ ತೋಳು ಮೇಲಿನ ವಿದ್ಯುತ್ ತಂತಿಗೆ ತಗುಲಬಹುದು.

ನಮ್ಮಲ್ಲಿಯೂ ಹುಡುಗರು ಟ್ರ್ಯಾಕ್ಟರ್ ತೊಳೆಯುವ ಒತ್ತಡದ ಪಂಪಿನಿಂದ ಕಾಲಿನ ಕೆಸರು ತೊಳೆದುಕೊಳ್ಳುವುದನ್ನು ನಾನು ನೋಡಿದ್ದೇನೆ. ದಯವಿಟ್ಟು ಬೇಡ. ಒತ್ತಡದ ನೀರು ಚರ್ಮದೊಳಗೆ ನುಗ್ಗಿದರೆ ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಒಳಗೆ ಮಾಂಸ ಕೆಟ್ಟು ಬೆರಳನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಅರಿಸಿನ ಮೆತ್ತಿ ಮನೆಯಲ್ಲಿ ಕೂರದೆ ಆ ದಿನವೇ ಡಾಕ್ಟರ ಬಳಿ ಹೋಗಿ, 'ಒತ್ತಡದ ನೀರು ಹೊಕ್ಕಿದೆ' ಎಂದು ಬಾಯಿಬಿಟ್ಟು ಹೇಳಿ.

ಆ ಲಾರಿ ನಮ್ಮ ಹಳ್ಳಿಗೆ ಬರಲಾರದು. ಆದರೆ ಅಂತಹ ಕೆಲಸಗಳಲ್ಲಿ ಹೊಸಬನನ್ನು ನೋಡಿಕೊಳ್ಳುವ ರೀತಿ ನಮಗೆ ಬೇಕಾದದ್ದು. ಕೆನಡಾದ ಟೊರಾಂಟೊ ನಗರದಲ್ಲಿ ದುಡಿಯುವವರ ಆರೋಗ್ಯವನ್ನೇ ಅಧ್ಯಯನ ಮಾಡುವ ಸಂಸ್ಥೆಯೊಂದಿದೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿರುವವನಿಗೆ ಪೆಟ್ಟಾಗುವ ಸಂಭವ, ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿದವನಿಗಿಂತ ಮೂರು ಪಟ್ಟು ಹೆಚ್ಚೆಂದು ಅವರು ಕಂಡುಕೊಂಡಿದ್ದಾರೆ. ನಮ್ಮ ಹುಡುಗನ ಹನ್ನೊಂದು ದಿನ ನೆನಪಿದೆಯಲ್ಲವೇ? ಅಲ್ಲಿನ ತೈಲ ಬಾವಿಯ ಕೆಲಸಗಳಲ್ಲಿ ಅನೇಕ ಕಂಪನಿಗಳು ಆರು ತಿಂಗಳು ತುಂಬದ ಹೊಸಬನಿಗೆ ಬೇರೆ ಬಣ್ಣದ ಟೋಪಿ ಕೊಡುತ್ತವೆ, ಬಹಳವಾಗಿ ಹಸಿರು. ಅವನಿಗೆ ಒಬ್ಬ ಹಳಬನನ್ನು ಗೊತ್ತುಮಾಡುತ್ತಾರೆ. ಅವನು ಏನು ಮಾಡಿದರೂ ಹಳಬ ಹೊಣೆ. ಅಮೆರಿಕದಲ್ಲಿ 1989ರಿಂದ ಇರುವ ಅಗೆತದ ನಿಯಮದಂತೆ, ದಿನವೂ ಕೆಲಸ ಆರಂಭವಾಗುವ ಮುಂಚೆಯೂ ಮಳೆ ಬಂದ ಮೇಲೂ ಬಲ್ಲವನೊಬ್ಬ ಗುಂಡಿಯನ್ನು ನೋಡಬೇಕು, ಕೂಡಲೇ ಕ್ರಮ ಕೈಗೊಳ್ಳುವ ಅಧಿಕಾರ ಅವನ ಕೈಯಲ್ಲೇ ಇರಬೇಕು. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಅಪಾಯದ ಕೆಲಸವನ್ನು 'ನಾನು ಮಾಡುವುದಿಲ್ಲ' ಎನ್ನುವ ಹಕ್ಕನ್ನು ಕೂಲಿಗಾರನಿಗೆ ಕಾನೂನಿನಲ್ಲಿ ಕೊಟ್ಟರು. ನಮ್ಮ ದೇಶದಲ್ಲಿಯೂ ಗಣಿಗೆ ಹೊಸಬನನ್ನು ತರಬೇತಿ ಇಲ್ಲದೆ ಇಳಿಸಬಾರದೆಂದು 1966ರಲ್ಲಿ ನಿಯಮ ಬಂತು. ಗಣಿಗೆ ಬೇಕಾದದ್ದು ಬಾವಿಗೆ ಬೇಡವೇ?

ನಾವು ಟೋಪಿಯ ಬದಲು ತೋಳಿಗೆ ಹಸಿರು ಬಟ್ಟೆ ಕಟ್ಟಿದೆವು. ಹೊಸಬ ಮೊದಲ ಹದಿನೈದು ದಿನ ಗುಂಡಿಗೆ ಇಳಿಯುವುದೇ ಇಲ್ಲ, ದಡದಲ್ಲಿ ತಾತನ ಪಕ್ಕ ನಿಂತು ಮಣ್ಣು ನೋಡುತ್ತಾನೆ. ಆಮೇಲೆ ಮೂರು ತಿಂಗಳು ಒಬ್ಬನೇ ಹಳಬನ ಜೊತೆ ಇಳಿಯುತ್ತಾನೆ. ದಿನಕ್ಕೊಬ್ಬರ ಜೊತೆ ಹಾಕಿದರೆ ಯಾರಿಗೂ ಅವನ ಹೊಣೆ ಅಂಟುವುದಿಲ್ಲ. ಬಟ್ಟೆ ಬಿಚ್ಚುವುದು ತಾರೀಖು ನೋಡಿ ಅಲ್ಲ, ತಾತ ಹೇಳಿದಾಗ. ಒಬ್ಬನಿಗೆ ಐದು ತಿಂಗಳಾದರೂ ಬಿಚ್ಚಿಲ್ಲ, ಅವನು ಮುನಿಸಿಕೊಂಡಿದ್ದಾನೆ. ಇರಲಿ. ದಡದಿಂದ 'ಮೇಲಕ್ಕೆ' ಎಂಬ ಮಾತು ಬಂದರೆ ಎಲ್ಲರೂ ಮೊದಲು ಮೇಲೆ ಬರಬೇಕು, ಏಕೆಂದು ಕೇಳುವುದು ಆಮೇಲೆ. ಆ ಮಾತನ್ನು ತಾತ ಮಾತ್ರವಲ್ಲ, ಹಸಿರು ಬಟ್ಟೆಯವನೂ ಹೇಳಬಹುದು.

ಒಂದು ದಿನ ಹಾಗೆಯೇ ಆಯಿತು. ಸೇರಿ ಒಂದು ವಾರವಾದ ಹುಡುಗ ಬಿರುಕು ಕಂಡೆನೆಂದು ಕೂಗಿದ. ಎಲ್ಲರೂ ಮೇಲೆ ಬಂದರು. ನೋಡಿದರೆ ಬಿರುಕಲ್ಲ, ಹುಲ್ಲಿನ ಬೇರು ಎಳೆದ ಗೆರೆ. ಮತ್ತೆ ಆರಂಭಿಸುವಷ್ಟರಲ್ಲಿ ಒಂದು ಗಂಟೆ ಹೋಗಿತ್ತು. ಕಂಪನಿಯವನೊಬ್ಬ ಬೈಯಲು ಬಾಯಿ ತೆರೆದ. ತಾತ ತಡೆದು, ಹುಡುಗನನ್ನು ಕರೆದುಕೊಂಡು ಹೋಗಿ ಬೇರಿನ ಗೆರೆಗೂ ಬಿರುಕಿಗೂ ಇರುವ ವ್ಯತ್ಯಾಸ ತೋರಿಸಿದರು. ಸಂಜೆ ಕಂಪನಿಯವನಿಗೆ, 'ಇವತ್ತು ನೀನು ಬೈದಿದ್ರೆ ನಾಳೆ ನಿಜವಾದ ಬಿರುಕು ಕಂಡ್ರೂ ಅವನು ಬಾಯಿ ಬಿಡ್ತಿರಲಿಲ್ಲ' ಎಂದರು. ಇಪ್ಪತ್ತನಾಲ್ಕು ನಿಯಮ ಬರೆಯುವಾಗ ಇದು ನನಗೆ ಹೊಳೆದಿರಲಿಲ್ಲ.

ಈಗ ತಮ್ಮ ಮೇಲಿನ ಒಂದು ದೂರನ್ನು ಹೇಳುತ್ತೇನೆ, ಬೇಸರಿಸಬಾರದು. ಬಾವಿಯಾಗಲಿ ಕಾಲುವೆಯಾಗಲಿ ತಾವು ಕೊಡುವುದು ಅಡಿಯ ಲೆಕ್ಕದಲ್ಲಿ. ಅಡಿಯ ಲೆಕ್ಕವಾದರೆ ಅಗೆಯುವವನು ಅವಸರಪಡುತ್ತಾನೆ, ಹಲಗೆ ಕಟ್ಟುವ ಹೊತ್ತು ಅವನಿಗೆ ನಷ್ಟ. ತಾತನ ದಿನಗೂಲಿಯನ್ನೂ ಹಲಗೆಯ ಖರ್ಚನ್ನೂ ಸೇರಿಸಿ ಕಂಪನಿಯವರು ದರ ಹೇಳಿದಾಗ, 'ದಡದ ಮೇಲೆ ಕೂತವನಿಗೆ ನಾನೇಕೆ ಕೂಲಿ ಕೊಡಲಿ?' ಎಂದು ಕೇಳಿದವರು ಈ ಸಭೆಯಲ್ಲೇ ಇದ್ದಾರೆ. ಮೂವರು ಆ ಕಾರಣಕ್ಕೆ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಮಗಳ ಮದುವೆಗೆ ಅಡಿಗೆಯವರನ್ನು ಕರೆದಾಗ ಸೌಟು ಹಿಡಿಯದೆ ನಿಂತು ಉಪ್ಪು ಹುಳಿ ನೋಡುವ ಹಿರಿಯ ಭಟ್ಟರಿಗೆ ಕೂಲಿ ಬೇಡವೆನ್ನುತ್ತೀರಾ? ದರ ಕೇಳುವಾಗ, 'ದಡದಲ್ಲಿ ಯಾರು ಇರುತ್ತಾರೆ? ಹಲಗೆ ಎಲ್ಲಿದೆ?' ಎಂಬ ಎರಡು ಪ್ರಶ್ನೆಯನ್ನೂ ಕೇಳಿ. ಉತ್ತರವಿಲ್ಲದವನ ದರ ಎಷ್ಟು ಕಡಿಮೆಯಿದ್ದರೂ ಆ ಉಳಿತಾಯ ಯಾರ ಮಗನ ಬೆನ್ನ ಮೇಲಿನದು ಎಂದು ತಿಳಿಯುತ್ತದೆ.

ಕೊಳವೆಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ದಾಭೋಲಿನಿಂದ ಬೆಂಗಳೂರಿಗೆ ಅನಿಲ ಒಯ್ಯುವ ದೊಡ್ಡ ಕೊಳವೆ 2013ರಿಂದ ಬೆಳಗಾವಿ, ಧಾರವಾಡದ ಕಡೆಯಿಂದ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಹೊಲಗಳಡಿ ಹರಿಯುತ್ತಿದೆ. ಹೊಲದಲ್ಲಿ ಎಚ್ಚರಿಕೆಯ ಕಂಬ ಕಂಡರೆ ಅದರ ಮೇಲಿನ ನಂಬರಿಗೆ ಫೋನು ಮಾಡದೆ ಜೆಸಿಬಿ ಇಳಿಸಬೇಡಿ. ಕಂಬವನ್ನು ಕಿತ್ತು ಬೇಲಿಗೆ ನೆಡಬೇಡಿ, ಅಂಥದ್ದೂ ಆಗಿದೆ. ಅಗೆಯುವ ಮುಂಚೆ ನೆಲದೊಳಗಿನ ಕೇಬಲ್ಲು, ಕೊಳವೆಗಳ ಒಡೆಯರಿಗೆ ತಿಳಿಸಲು 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪನ್ನು ಕೇಂದ್ರ ಸರ್ಕಾರ 2023ರ ಮಾರ್ಚಿಯಲ್ಲಿ ಹೊರತಂದಿದೆ. ಕಂಪನಿಯ ಹುಡುಗರು ಅದನ್ನು ಫೋನಿನಲ್ಲಿ ಇಟ್ಟುಕೊಂಡಿದ್ದಾರೆ. ಕೊಳವೆ ಹತ್ತಿರವಿದೆಯೆಂದು ತಿಳಿದ ಮೇಲೆ ಅದರ ಒಡೆಯರ ಕಡೆಯವರು ಬಂದು ನಿಂತು, ಕೈಯಿಂದ ಮೆಲ್ಲಗೆ ಬಿಡಿಸಬೇಕೇ ಹೊರತು ಯಂತ್ರದ ಹಲ್ಲು ಹಾಕಬಾರದು. ಜೆಸಿಬಿಯ ತೋಳು ಎತ್ತುವ ಮುಂಚೆ ತಲೆಯೆತ್ತಿ ತಂತಿ ನೋಡಲು ಒಬ್ಬನನ್ನು ಬೇರೆಯಾಗಿ ನಿಲ್ಲಿಸಿ.

ಮುಂದಿನ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಕೆರೆಯ ಹಿಂದಿನ ಅದೇ ಗದ್ದೆಯಲ್ಲಿ ಹೊಸ ಬಾವಿಗೆ ಗುರುತು ಹಾಕುತ್ತಾರೆ. ಮೇಸ್ತ್ರಿ ತಾತ ಇರುತ್ತಾರೆ, ಹಲಗೆ ಕಟ್ಟುವುದನ್ನೂ ಬಿರುಕು ನೋಡುವುದನ್ನೂ ತೋರಿಸುತ್ತಾರೆ. ಅನಿಲ ಅಳೆಯುವ ಯಂತ್ರವನ್ನೂ ತರುತ್ತೇವೆ. ಅಗೆತದ ಕೂಲಿಗೆ ಹೋಗುವ ಮಕ್ಕಳಿದ್ದರೆ ಕರೆದುಕೊಂಡು ಬನ್ನಿ. ಬೇರೆ ಊರಿನ ಗುಂಪಿನವರೂ ಬರಲಿ, ತಾತನಿಗೆ ಭೇದವಿಲ್ಲ. ಸೊಂಟ ಮುರಿದ ಹುಡುಗ ಈಗ ಮತ್ತೆ ಕೆಲಸಕ್ಕೆ ಬರುತ್ತಿದ್ದಾನೆ, ಭಾರ ಎತ್ತಲಾರ. ದಡದ ಮೇಲೆ ತಾತನ ಪಕ್ಕ ಕೂರುತ್ತಾನೆ. ಆ ದಿನ ಬಂದವರಿಗೆ ಬಿರುಕು ತೋರಿಸುವವನು ಅವನೇ.